ಯುದ್ಧ ನಿಂತ ಸಂಜೆ

ಅರವತ್ತೈದರ ಯುದ್ಧ ಶುರುವಾದಾಗ ನಾನು ಬಲ್ಮಠದಲ್ಲಿ ಶಿಕ್ಷಕಿಯರ ತರಬೇತಿಗೆ ಹೋಗುತ್ತಿದ್ದೆ. ಮನೆ ಕುಲಶೇಖರದಲ್ಲಿ. ಅಣ್ಣ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಪಂಜಾಬಿನಲ್ಲಿ ಎಲ್ಲೋ ಇದ್ದಾನೆ ಎಂಬುದಷ್ಟೇ ನಮಗೆ ಗೊತ್ತಿತ್ತು. ವಾರಕ್ಕೊಂದು ಬರುತ್ತಿದ್ದ ಅವನ ಕಾಗದ ನಿಂತುಹೋಗಿತ್ತು.

ನಮ್ಮಲ್ಲಿ ರೇಡಿಯೊ ಇರಲಿಲ್ಲ. ಇದ್ದದ್ದು ಪಕ್ಕದ ದೊಡ್ಡಪ್ಪನ ಮನೆಯಲ್ಲಿ. ಆದರೆ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತು ಐದು ವರ್ಷವಾಗಿತ್ತು. ಅಜ್ಜಿ ತೀರಿಕೊಂಡ ತಿಂಗಳಲ್ಲೇ ಅವಳು ದಿನವೂ ಪ್ರಾರ್ಥಿಸುತ್ತಿದ್ದ ಮರದ ಶಿಲುಬೆಯನ್ನು ದೊಡ್ಡಪ್ಪ, ಹಿರಿಮಗ ತಾನು ಎಂದು ತಮ್ಮ ಮನೆಗೆ ಒಯ್ದಿದ್ದರು. ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ವರ್ಷ ನೋಡಿಕೊಂಡದ್ದು ಅಪ್ಪ. ಅವರು ಆ ದಿನ ಜಗಳವಾಡಲಿಲ್ಲ. ಆಮೇಲೆ ಮಾತೇ ಆಡಲಿಲ್ಲ.

ಯುದ್ಧದ ಮೂರನೆಯ ಸಂಜೆ ಅಮ್ಮನಿಗೆ ತಡೆಯಲಾಗಲಿಲ್ಲ. “ನಾನು ವಾರ್ತೆ ಕೇಳ್ಲಿಕ್ಕೆ ಹೋಗ್ತೇನೆ. ನೀವು ಬರುದಾದ್ರೆ ಬನ್ನಿ,” ಎಂದು ಅಂಗಳಕ್ಕಿಳಿದಳು. ನಾನೂ ಹೊರಟೆ. ಕೊನೆಗೆ ಅಪ್ಪ ಅಂಗಿ ಹಾಕಿಕೊಂಡು ನನ್ನ ಹಿಂದೆಯೇ ಬಂದರು.

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ನಮ್ಮನ್ನು ಕಂಡು ಒಳಗೆ ಹೋಗಿ ತಾವೇ ಕುರ್ಚಿ ತಂದರು.

“ಕೂತ್ಕೊ ಮಾರಾಯ. ಈಗ ಶುರುವಾಗ್ತದೆ.”

ಅಪ್ಪ ಕೂತರು. ವಾರ್ತೆ ಮುಗಿದ ಮೇಲೆ ದೊಡ್ಡಮ್ಮ ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿದಳು. ನಾವೆಲ್ಲ ಮೊಣಕಾಲೂರಿ ಜಪಮಾಲೆ ಹಿಡಿದೆವು. ಆ ಪ್ರಾರ್ಥನೆಯಲ್ಲಿ ಒಬ್ಬರು ಅರ್ಧ ಹೇಳಿದರೆ ಉಳಿದರ್ಧವನ್ನು ಇನ್ನೊಬ್ಬರು ಹೇಳಬೇಕು. ದೊಡ್ಡಪ್ಪ ಅರ್ಧ ಹೇಳಿ ನಿಲ್ಲಿಸಿದರು. ಆಮೇಲೆ ಅಪ್ಪನ ಧ್ವನಿ ಕೇಳಿಸಿತು. ಐದು ವರ್ಷಗಳ ನಂತರ ಅಪ್ಪ ದೊಡ್ಡಪ್ಪನಿಗೆ ಕೊಟ್ಟ ಮೊದಲ ಉತ್ತರ ಅದೇ.

ಸುಮಾರು ಮೂರು ವಾರ ಹೀಗೇ ನಡೆಯಿತು. ಮನೆಮಾತು ಕೊಂಕಣಿಯಾದ್ದರಿಂದ ಅಮ್ಮನಿಗೆ ವಾರ್ತೆಯ ಗ್ರಾಂಥಿಕ ಕನ್ನಡ ಅರ್ಥವಾಗುತ್ತಿರಲಿಲ್ಲ. ಒಂದೊಂದು ಶಬ್ದಕ್ಕೂ ನನ್ನ ಮುಖ ನೋಡುತ್ತಿದ್ದಳು. ಒಂದು ಸಂಜೆ ದೊಡ್ಡಪ್ಪ ಅಪ್ಪನ ಬಾಲ್ಯದ ಯಾವುದೋ ಪೋಕರಿತನ ಹೇಳಿದರು. ಅಪ್ಪ ನಕ್ಕದ್ದು ನೋಡಿ ನಾನು ಬೆರಗಾಗಿದ್ದೆ. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಒಂದು ಸಂಜೆ ರೇಡಿಯೊ ‘ಕದನ ವಿರಾಮ’ ಎಂದಿತು.

“ಹಾಗಂದ್ರೆ ಎಂತ?” ಅಮ್ಮ ನನ್ನ ಕೈ ಹಿಡಿದಳು.

“ಯುದ್ಧ ನಿಂತಿತಮ್ಮ.”

“ನಿಂತದ್ದು ಮಾತ್ರ,” ದೊಡ್ಡಪ್ಪ ಹೇಳಿದರು, “ಮುಗಿದದ್ದಲ್ಲ. ಒಪ್ಪಂದ ಆಗ್ಬೇಕು.”

ಅಮ್ಮನಿಗೆ ಅಷ್ಟೇ ಸಾಕಾಗಿತ್ತು. ಅವಳು ಗಟ್ಟಿಯಾಗಿ ಅತ್ತಳು. ವಾರದೊಳಗೆ ಅಣ್ಣನ ಕಾಗದವೂ ಬಂತು, ಕ್ಷೇಮ ಎಂದು. ಆ ಸಂಜೆ ನಾನು ತಲೆ ಬಾಚಿ ಸಿದ್ಧಳಾದೆ. ಅಪ್ಪ ಎದ್ದೇಳಲಿಲ್ಲ.

“ವಾರ್ತೆಗೆ ಹೋಗುದಿಲ್ವಾ?” ಎಂದು ಕೇಳಿದೆ.

“ಇನ್ನು ಎಂತಕ್ಕೆ? ಹುಡುಗ ಕ್ಷೇಮ ಇದ್ದಾನಲ್ಲ.”

ಆಚೆ ಮನೆಯಲ್ಲಿ ರೇಡಿಯೊ ಎಂದಿಗಿಂತ ಜೋರಾಗಿ ಕೂಗುತ್ತಿತ್ತು. ನಮಗೆ ಕೇಳಲಿ ಎಂದೇ ಜೋರು ಮಾಡಿದ್ದಾರೆಂದು ನನಗೆ ಅನಿಸಿತು. ಅಪ್ಪ ಎದ್ದು ಆ ಬದಿಯ ಕಿಟಕಿ ಮುಚ್ಚಿದರು.

ಜನವರಿಯಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಅಪ್ಪ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದರು. ದೊಡ್ಡಪ್ಪ ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ಬಂದು ನಿಂತರು.

“ಒಪ್ಪಂದ ಆಯ್ತಂತೆ.”

“ಹೌದಾ,” ಎಂದರು ಅಪ್ಪ, ಕೊಡಲಿ ಕೆಳಗಿಡದೆ. ದೊಡ್ಡಪ್ಪ ಇನ್ನಷ್ಟು ಹೊತ್ತು ನಿಂತು, ಮರಳಿ ಹೋದರು. ಅಡುಗೆಮನೆಯಿಂದ ನೋಡುತ್ತಿದ್ದ ನಾನು ಓಡಿಹೋಗಿ ಅವರನ್ನು ಕರೆಯಬಹುದಿತ್ತು. ಕರೆಯಲಿಲ್ಲ.

ಈಸ್ಟರಿಗೆ ಮೊದಲು ದೊಡ್ಡಪ್ಪ ಎದೆನೋವಿನಿಂದ ತೀರಿಕೊಂಡರು. ಶವಪೆಟ್ಟಿಗೆಗೆ ಅಪ್ಪ ಹೆಗಲು ಕೊಟ್ಟರು. ಮಣ್ಣುಮಾಡಿ ಬಂದವರು ಊಟಕ್ಕೆ ಏಳಲಿಲ್ಲ. “ಅವನೇ ಬಂದಿದ್ದ,” ಎಂದು ಅಮ್ಮನಿಗೆ ಹೇಳಿದರು. “ಹೇಳ್ಲಿಕ್ಕೆ ಅವನೇ ಬಂದಿದ್ದ. ನಾನು ಒಳಗೆ ಬಾ ಅನ್ಲಿಲ್ಲ.” ಅಮ್ಮ ಅವರ ಪಕ್ಕದಲ್ಲಿ ಕೂತಳು.

ಆಮೇಲೆ ನಾನು ಶಾಲೆಗಳಲ್ಲಿ ಕನ್ನಡ ಕಲಿಸಿದೆ. ಸಂಧಾನ, ರಾಜಿ, ಒಡಂಬಡಿಕೆ, ಕದನ ವಿರಾಮ, ಎಲ್ಲಕ್ಕೂ ಅರ್ಥ ಬರೆಸಿದ್ದೇನೆ. ಯುದ್ಧದ ದಿನಗಳು ಮತ್ತೆ ಬರಲಿ ಎಂದು ಬಯಸುವುದು ಪಾಪವೆಂದು ಗೊತ್ತು. ಅಣ್ಣ ಬದುಕಿ ಬಂದ, ಬಾರದೆ ಹೋದವರು ಎಷ್ಟೋ. ಆದರೂ ಕೆಲವು ಸಂಜೆ ಏಳೂವರೆಗೆ, ಆ ವಾರ್ತೆಯ ಹೊತ್ತಿಗೆ, ನನಗೆ ದೊಡ್ಡಪ್ಪನ ಮನೆಯ ಆ ತಣ್ಣನೆಯ ನೆಲದ ಮೇಲೆ, ಅಪ್ಪನ ಪಕ್ಕದಲ್ಲಿ, ಮೊಣಕಾಲೂರಬೇಕೆನಿಸುತ್ತದೆ.