ಕುಡಿದು ಸತ್ತಿಲ್ರಿ

ಶಹಾಬಾದಿನ ಫರಸಿ ಕಲ್ಲಿನ ಖಣಿಯ ಪಕ್ಕದ ಮನೆಯಿಂದ ಹೊರಬಂದ ಹೆಣ್ಣುಮಗಳು, ರೇಷನ್ ಕಾರ್ಡಿನೊಳಗೆ ಮಡಚಿಟ್ಟಿದ್ದ ಪತ್ರಿಕೆಯ ತುಣುಕನ್ನು ನನ್ನ ಮುಂದೆ ಹಿಡಿದಳು. ‘ಕುಡಿದು ಬಿದ್ದು ಕಾರ್ಮಿಕ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ. ಬರೆದವನು ನಾನೇ.

ಹವಾಮಾನ ಬದಲಾವಣೆಯ ಬಗ್ಗೆ ಬರೆಯುವುದು ಹೇಗೆಂದು ನಮ್ಮಂಥ ತಾಲ್ಲೂಕು ವರದಿಗಾರರಿಗೆ ಎರಡು ದಿನ ತರಬೇತಿ ಇತ್ತು. ಮೊದಲ ದಿನ ಎ.ಸಿ. ಹಾಲ್‌ನಲ್ಲಿ ಪಾಠ, ಮರುದಿನ ಬಿಸಿಲಲ್ಲಿ ದುಡಿಯುವವರ ಭೇಟಿ. ಎಲ್ಲರೆದುರೇ ಅವಳು ಕೇಳಿದಳು:

“ಇದು ಬರದವರು ಯಾರ್ರಿ? ನಮ್ಮನಿಯವರು ಕುಡಿದು ಸತ್ತಿಲ್ರಿ, ಕುಡೀಲಾರ್ದ ಸತ್ತಾರ. ಕೊಡದಾಗಿನ ನೀರು ಮುಂಜಾನಿ ಹತ್ತಕ್ಕೇ ಖಾಲಿ ಆಗಿತ್ತು. ಭಾಳ ಬಿಸಿಲಿತ್ರಿ.”

ಅವರು ಸತ್ತ ದಿನ ನಾನು ಖಣಿಗೆ ಹೋಗಿರಲೇ ಇಲ್ಲ. ಬಿಸಿಲಿಗೆ ತೂರಾಡಿ ಬಿದ್ದವನನ್ನು ಕಂಡವರು ಕುಡುಕ ಅಂದುಕೊಂಡಿದ್ದರು. ಫೋನಿನಲ್ಲಿ ಕೇಳಿದ್ದನ್ನು ಹಾಗೇ ಬರೆದು ಕಳಿಸಿ ನಾನು ಊಟಕ್ಕೆ ಕುಳಿತಿದ್ದೆ.

ತರಬೇತಿ ಕೊಡಲು ಬಂದಾತ ಕಣ್ಣರಳಿಸಿ, “ಬ್ಯೂಟಿಫುಲ್ ಸ್ಟೋರಿ! ಎಲ್ಲರೂ ಬರ್ಕೊಳ್ಳಿ” ಎಂದ. ಸಿಟ್ಟು ನೆತ್ತಿಗೇರಿತು. ಗಂಡನನ್ನು ಕಳೆದುಕೊಂಡವಳ ಎದುರು ಆಡುವ ಮಾತೇ ಅದು? ಆದರೆ ಅವನನ್ನು ಬೈಯಲು ನನಗೆ ಮುಖವೆಲ್ಲಿತ್ತು? ಅವನದು ಒಂದು ಕೆಟ್ಟ ಮಾತು. ನನ್ನದು ಅಚ್ಚಾಗಿ ಊರೆಲ್ಲ ಓದಿದ ಸುಳ್ಳು.

ತರಬೇತಿಯ ಪ್ರಮಾಣಪತ್ರ ಬ್ಯಾಗಿನಲ್ಲೇ ಮುದುಡಿ ಬಿದ್ದಿದೆ. ತಿದ್ದುಪಡಿ ಹಾಕಿ ಎಂದು ನಮ್ಮ ಪತ್ರಿಕೆಯ ಕಚೇರಿಗೆ ಮೂರು ಸಲ ಬರೆದೆ. ‘ಹಳೇ ಸುದ್ದಿ, ಬಿಟ್ಟಾಕಿ’ ಎಂದರು. ಅದಕ್ಕೇ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ, ಒಬ್ಬ ಓದುಗನಾಗಿ ಬರೆಯುತ್ತಿದ್ದೇನೆ: ಅವರು ಕುಡಿದು ಸತ್ತಿಲ್ಲ.