ಒಂದೂವರೆ ಟೀಗೆ ತುಳಿದ ಮಿಷನ್ನು

ಅಟ್ಟದ ಒಂದು ಮೂಲೆ ನೋಡಿಯೇ ತೀರುತ್ತೇನೆ ಎಂಬ ಹಟಕ್ಕೆ ನಾನು ತೆತ್ತದ್ದು ಎಡಗಾಲಿನ ಮೂಳೆ ಮತ್ತು ಒಂದು ಇಡೀ ಹಂಗಾಮು. ವರ್ಷಗಳಾದವು, ಹೆಚ್ಚುಕಡಿಮೆ ಮರೆತೇ ಇದ್ದೆ. ಮೊನ್ನೆ ದಂಡಿನಶಿವರದಲ್ಲಿ ಕಾಯಿ ನೋಡಲು ಹೋದ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಬಂದದ್ದೇ ತಡ, ಜಗಲಿಯ ಮೇಲೆ ಕುಳಿತುಬಿಟ್ಟೆ. ಮನೆಯವರು ನೀರು ತಂದುಕೊಟ್ಟರು. ಕಾಲುನೋವು ಅಂದೆ. ನಿಜವಾಗಿ ನೆನಪಾದದ್ದು ಟೈಲರಣ್ಣ...

ನಮ್ಮ ಕಸುಬು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಉರುಳಬೇಕು. ಆ ಸದ್ದು ಕೇಳಿ ಬೆಲೆ ಕಟ್ಟುವವನು ನಾನು. ಓದಿದವನಲ್ಲ, ಅಪ್ಪ ಬಿಟ್ಟುಹೋದ ತೋಟವೂ ಇಲ್ಲ, ಕಿವಿಯೊಂದೇ ಬಂಡವಾಳ. ಆದರೆ ಕಿವಿಯನ್ನು ಅಟ್ಟಕ್ಕೆ ಹತ್ತಿಸಲು ಕಾಲು ಬೇಕಲ್ಲ.

ಮಾರುವವರು ಒಣಗಿದ ಕಾಯಿಯನ್ನು ಏಣಿಯ ಬಾಯಿಗೆ ಇಟ್ಟು, ಹಸಿಯನ್ನು ಹಿಂದಿನ ಮೂಲೆಗೆ ತಳ್ಳಿರುತ್ತಾರೆ ಎಂಬುದು ನನ್ನ ಗುಮಾನಿ. ಹಾಲ್ಕುರಿಕೆ ಕಡೆಯ ಒಂದು ಮನೆಯಲ್ಲಿ ಆ ಮೂಲೆಗೇ ಹೋಗಲು ತೊಲೆ ಬಿಟ್ಟು, ತೊಲೆಗಳ ನಡುವೆ ಹಾಸಿದ ದಬ್ಬೆಯ ಮೇಲೆ ಕಾಲಿಟ್ಟೆ. ಒಲೆಯ ಹೊಗೆ ಕುಡಿದು ಒಣಗಿದ ಅಡಕೆ ದಬ್ಬೆ ಹಪ್ಪಳದ ಹಾಗೆ ಮುರಿಯಿತು. ಕೆಳಗೆ ಒರಳುಕಲ್ಲು. ನನ್ನ ಹಿಂದೆಯೇ ಕಾಯಿಗಳೂ ಉದುರಿದವು. ಬಿದ್ದ ಸದ್ದಿನಲ್ಲೇ ಗೊತ್ತಾಯಿತು, ಮೂಲೆಯವೂ ಚೆನ್ನಾಗಿಯೇ ಒಣಗಿದ್ದವು.

ಆಪರೇಷನ್ ಆಯಿತು, ಪ್ಲೇಟು ಕೂರಿಸಿದರು, ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಗೆ ನನ್ನ ಜೊತೆ ಓಡಾಡಿದವರು ಇಬ್ಬರು: ನನ್ನ ಕೊಬ್ಬರಿ ಅಂಗಡಿಯ ಪಕ್ಕದ ಟೈಲರಣ್ಣ, ಮತ್ತೆ ಎದುರಂಗಡಿಯ ಕೊಬ್ಬರಿ ವ್ಯಾಪಾರಿ. ಈ ಎರಡನೆಯವನಿಗೂ ನನಗೂ ಹರಾಜಿನಲ್ಲಿ ಪ್ರತಿಸಲ ಜಟಾಪಟಿ. ಹರಾಜು ಮುಗಿದರೆ ಒಂದೇ ಬೆಂಚು.

ಪ್ಲಾಸ್ಟರ್ ಬಿಚ್ಚಿದಾಗ ಪಾದ ಹಲಗೆಯಂತಾಗಿತ್ತು. ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ಇಲ್ಲವಾದರೆ ಹೀಗೇ ಬಿಗಿದುಕೊಳ್ಳುತ್ತದೆ, ಏಣಿಯ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಇಬ್ಬರೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ನಾನು ಒಂದಷ್ಟು ದಿನ ಆಡಿಸಿದೆ, ಬಿಟ್ಟೆ. ನೋವನ್ನು ಹೇಗಾದರೂ ತಡೆಯಬಹುದು ಕಣ್ರೀ, ಆ ಬೇಸರವನ್ನು ತಡೆಯಲಾಗುವುದಿಲ್ಲ. ಗೋಡೆ ನೋಡುತ್ತ ಪಾದ ಆಡಿಸುವುದೂ ಒಂದು ಕೆಲಸವೇ? ಬಂದವರೆಲ್ಲ ಕಿತ್ತಳೆ ತಂದು, ಕಾಲು ಮುರಿದ ತಮ್ಮ ನೆಂಟರ ಕಥೆ ಹೇಳಿ ಹೋಗುತ್ತಿದ್ದರು. ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಲನ್ನು ಚೀಲದ ಮೇಲೆ ಚಾಚಿ, ಹೋಗಿ ಬರುವವರನ್ನೆಲ್ಲ ಬೈಯುತ್ತಿದ್ದೆ. ಆಮೇಲೆ ಬೈಯುವುದಕ್ಕೂ ಸುಸ್ತಾಯಿತು...

ಅಂಥ ಒಂದು ಮಧ್ಯಾಹ್ನ ಟೈಲರಣ್ಣ ಬಂದು ನಿಂತರು.

"ನನ್ ಮೊಣಕಾಲು ಹಿಡ್ಕೊಂಡೈತೆ ಕಣಪ್ಪ. ಛತ್ರದ ಪರದೆ ಹೊಲ್ಕೊಡ್ತೀನಿ ಅಂತ ಒಪ್ಕೊಂಡ್‌ಬುಟ್ಟಿದೀನಿ. ನೀನು ಕುಂತು ಮಿಷನ್ ತುಳಿ, ನಾನು ನಿಂತು ಬಟ್ಟೆ ಹಿಡೀತೀನಿ."

"ತುಳಿದ್ರೆ ನಂಗೇನು ಸಿಗ್ತದೆ?" ಅಂದೆ. ಹುಟ್ಟುಗುಣ.

"ಒಂದು ಟೀ."

"ಎರಡು."

ಮಗಳ ಮದುವೆ ಮಾತಿಗೆ ಕೂತವರ ಹಾಗೆ ಅವರು ಗಡ್ಡ ಸವರಿಕೊಂಡು ಯೋಚಿಸಿದರು. "ಒಂದೂವರೆ. ಅದ್ರ ಮೇಲೆ ನಂಗೆ ಗಿಟ್ಟಲ್ಲ." ಮಧ್ಯಾಹ್ನ ಒಂದು ಪೂರ್ತಿ, ಸಾಯಂಕಾಲ ಒಂದು ಬೈಟೂ. ಗೆದ್ದೆ ಅಂದುಕೊಂಡು ಕುಂಟುತ್ತ ಹೋಗಿ ಸ್ಟೂಲಿನ ಮೇಲೆ ಕುಳಿತೆ.

ಮೊದಮೊದಲು ಚಕ್ರ ಹಿಂದಕ್ಕೆ ತಿರುಗಿ ದಾರ ಪಟಕ್ಕನೆ ಕಡಿಯುತ್ತಿತ್ತು. ಅವರು ಮತ್ತೆ ಪೋಣಿಸುತ್ತಿದ್ದರು. ಪಾದ ಊದಿ ಕಣ್ಣಲ್ಲಿ ನೀರು ಬಂದು ನಾನು ನಿಲ್ಲಿಸಿದರೆ, ಅವರು ಬಟ್ಟೆ ಹಿಡಿದುಕೊಂಡೇ ನಿಂತಿರುತ್ತಿದ್ದರು. ಎದ್ದು ಹೋಗು ಅನ್ನುತ್ತಿರಲಿಲ್ಲ, ತುಳಿ ಅಂತಲೂ ಅನ್ನುತ್ತಿರಲಿಲ್ಲ. ಒಬ್ಬ ಮುದುಕ ಹಾಗೆ ಕಾಯುತ್ತ ನಿಂತಿದ್ದರೆ ಎಷ್ಟು ಹೊತ್ತು ಸುಮ್ಮನಿರುತ್ತೀರಿ? ಗಿರಾಕಿಗಳು ಬಂದು, ತಡವಾಯಿತೆಂದು ಅವರನ್ನು ಬೈಯುತ್ತಿದ್ದರು. ಅವರು ಮೊಣಕಾಲು ತೋರಿಸುತ್ತಿದ್ದರು.

ನಾನು ಮೆಲ್ಲಗೆ ಬಲಗಾಲಿನಲ್ಲೇ ತುಳಿಯುವುದನ್ನು ಕಲಿತುಕೊಂಡೆ. ಅದನ್ನು ಹಿಡಿದವನು ಎದುರಂಗಡಿಯವನು. "ಲೇ, ತೂಕದಲ್ಲಿ ಮಾಡೋ ಮೋಸ ಸಾಲ್ದು ಅಂತ ಇಲ್ಲೂ ಶುರು ಹಚ್ಕೊಂಡ್ಯೇನ್ಲಾ?" ಎಂದು ನನ್ನ ಬಲಗಾಲನ್ನು ಟವೆಲಿನಿಂದ ಸ್ಟೂಲಿಗೆ ಕಟ್ಟಿಹಾಕಿದ. ಟೈಲರಣ್ಣ ನಕ್ಕದ್ದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು.

ಮಳೆಗಾಲ ಹಿಂದಾದ ಮೇಲೆ ಒಂದು ಬೆಳಿಗ್ಗೆ ಅಟ್ಟ ಹತ್ತಿದೆ. ಏಣಿ ಹಿಡಿದುಕೊಂಡವನು ಎದುರಂಗಡಿಯವನು. ಮೇಲೆ ಹೋಗಿ ತೊಲೆಯ ಮೇಲೆ ಕುಳಿತು ಒಂದು ಕಾಯಿ ಅಲ್ಲಾಡಿಸಿದೆ. ಇಳಿಯಲು ತುಂಬ ಹೊತ್ತಾಯಿತು, ಆದರೆ ಇಳಿದೆ. ಅವನ ಗಾಡಿಯ ಹಿಂದೆ ಕೂತು ನೇರ ಟೈಲರಣ್ಣನಿಗೆ ಹೇಳಲು ಬಂದೆ.

ಅಂಗಡಿಯ ಹೊರಗೇ ಮಿಷನ್ನಿನ ಸದ್ದು ಕೇಳಿಸಿತು. ತುಳಿಯುವ ಸದ್ದಲ್ಲ, ಒಂದೇ ಸಮನೆ ಝುಂಯ್ ಅನ್ನುವ ಸದ್ದು. ಮಿಷನ್ನಿಗೆ ಕರೆಂಟು ಮೋಟರ್ ಕೂತಿತ್ತು. ಅವರು ನನ್ನನ್ನು ನೋಡಿದವರೇ ಸ್ವಿಚ್ಚು ಆರಿಸಿದರು.

"ರಿಪೇರಿಗೆ ಕೊಟ್ಟಿದ್ದೆ ಕಣಪ್ಪ. ಇವತ್ ಬಂತು."

"ಬುಡು ಅಣ್ಣ, ಸಾಕು," ಎಂದ ಎದುರಂಗಡಿಯವನು. "ಬಿಚ್ಚಿ ಬಟ್ಟೇಲಿ ಸುತ್ತಿ ಹಲಗೆ ಕೆಳಗೆ ಮಡಗಿದ್ದು ನಾನೇ ಅಲ್ವಾ?"

ನಾನು ಮನೆಯಲ್ಲಿ ಮಲಗಿದ್ದಾಗ ಹೊಸದಾಗಿ ಕೂರಿಸಿದ್ದ ಮೋಟರಿನಲ್ಲಿ ಒಂದೇ ದಿನದಲ್ಲಿ ಮುಗಿಯುತ್ತಿದ್ದ ಹೊಲಿಗೆಯನ್ನು ನನ್ನ ಕಾಲಿಗೋಸ್ಕರ ವಾರಗಟ್ಟಲೆ ಎಳೆದಿದ್ದರು. ಬೈಗುಳ ತಿಂದಿದ್ದರು. ಅಷ್ಟೊಂದು ಪರದೆ ಯಾವ ಛತ್ರಕ್ಕೆ ಬೇಕು ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ವ್ಯಾಪಾರದಲ್ಲಿ ನನ್ನನ್ನು ಅಷ್ಟು ಸಲೀಸಾಗಿ ಹೊಡೆದವರು ಇನ್ನೊಬ್ಬರಿಲ್ಲ. ಅವರೇ, "ಹತ್ತಿದ್ಯಾ?" ಎಂದು ಕೇಳಿದರು. ಹೂಂ ಅಂದೆ. ಸ್ವಿಚ್ಚು ಹಾಕಿ ಹೊಲಿಗೆಗೆ ಬಗ್ಗಿದರು.

ಆಮೇಲೆ ಕೆಲವು ವರ್ಷ ಇದ್ದರು... ಹೋದ ದಿನ ಖಬರಸ್ತಾನದವರೆಗೆ ನಡೆದೆ. ಬೀದಿಯ ತಿರುವಿನವರೆಗೆ ಹೆಗಲೂ ಕೊಟ್ಟೆ. ಭಾರ ಹೊತ್ತು ಅದಕ್ಕಿಂತ ಮುಂದೆ ಹೋಗಲು ಕಾಲು ಕೇಳಲಿಲ್ಲ. ಅವರ ಅಳಿಯ ಬಂದು ಮೆಲ್ಲಗೆ ನನ್ನ ಜಾಗಕ್ಕೆ ನಿಂತ.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನಿನ್ನೂ ಅಟ್ಟ ಹತ್ತುತ್ತೇನೆ, ಮೊದಲಿನಷ್ಟಿಲ್ಲ. ಸಂಜೆಗೆ ಪಾದ ಊದುತ್ತದೆ. ಎದುರಂಗಡಿಯವನಿಗೂ ವಯಸ್ಸಾಯಿತು, ಇಬ್ಬರೂ ಬೆಂಚಿನ ಮೇಲೆ ಕೂರುತ್ತೇವೆ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಕಾಲು ಮುರಿದುಕೊಂಡವರನ್ನು ನೋಡಲು ಹೋಗುವಾಗ ನಿಮ್ಮದೊಂದು ಕೆಲಸ ತೆಗೆದುಕೊಂಡು ಹೋಗಿ, ಅವರ ಕೈಲಾಗುವಂಥದ್ದು. ಅವರಿಲ್ಲದಿದ್ದರೆ ಅದು ಆಗುವುದೇ ಇಲ್ಲ ಎಂದು ಹೇಳಿ. ಚೌಕಾಸಿ ಮಾಡಿದರೆ ಮಾಡಲಿ, ಸ್ವಲ್ಪ ಗೆಲ್ಲಲು ಬಿಡಿ. ಮಲಗಿರುವವರು ನೀವೇ ಆಗಿದ್ದು, ಯಾರಾದರೂ ಬಂದು ಹಾಗೆ ಕೇಳಿದರೆ, ನಿಜವೋ ಸುಳ್ಳೋ ಎಂದು ಅಲ್ಲಾಡಿಸಿ ನೋಡಬೇಡಿ. ಎದ್ದು ಹೋಗಿ.