ಅಂಜಿನಮ್ಮ ಕೊಲಂಬೊಗೆ ಹೊರಟದ್ದು

ಬೆಂಗಳೂರಿನ ಜೋಗುಪಾಳ್ಯದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಕರೆ ಹೋಗುವುದು ಅಂಜಿನಮ್ಮನಿಗೆ. ಬಾಣಂತಿಗೆ ನೀರು ಹಾಕುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸುವುದು ಆಕೆಯ ಕಸುಬು. ಆ ಗಲ್ಲಿಯ ಪುಂಡರೆಲ್ಲ ಒಂದು ಕಾಲಕ್ಕೆ ಆಕೆಯ ಕಾಲ ಮೇಲೆ ಅರಚಿಕೊಂಡವರೇ. ಹಾಗಾಗಿ ಆಕೆಯೆದುರು ಯಾರೂ ಬಾಲ ಬಿಚ್ಚುವುದಿಲ್ಲ.

ಬಿಚ್ಚಿದವನು ಸ್ವಂತ ಮಗ ಪ್ರೇಮ್‌ಕುಮಾರ್ ಒಬ್ಬನೇ. ತಂಗಿ ಯಮುನಾ ಗಾರ್ಮೆಂಟ್ಸ್‌ನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಸಿಂಹಳದ ಹುಡುಗನನ್ನು ಮದುವೆಯಾಗಿ ಕೊಲಂಬೊಗೆ ಹೋದಾಗಿನಿಂದ ಅವಳ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದ. ಎರಡು ವರ್ಷದಿಂದ ಫೋನಿನಲ್ಲೂ ಮಾತಿಲ್ಲ. ಈಗ ಅವಳಿಗೆ ಚೊಚ್ಚಲ ಹೆರಿಗೆ. ದಿನ ತುಂಬಿದ ಬಸುರಿಯನ್ನು ವಿಮಾನ ಹತ್ತಿಸುವುದಿಲ್ಲವಂತೆ. ಹಾಗಿದ್ದರೆ ನಾನೇ ಹೋಗುತ್ತೇನೆ ಎಂದು ಅಂಜಿನಮ್ಮ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಅಳಿಯ ಟಿಕೆಟ್ ಕಳಿಸಿದ.

ಪ್ರೇಮ್‌ಕುಮಾರ್ ಒಂದೇ ರಾಗ ಎಳೆದ. ಅಷ್ಟು ದೂರ, ಸಮುದ್ರ ದಾಟಬೇಕು, ಮಂಡಿನೋವು ಬೇರೆ. ದಿನಾ ಊರವರನ್ನೆಲ್ಲ ಕ್ಯಾಬಿನಲ್ಲಿ ಏರ್‌ಪೋರ್ಟಿಗೆ ಬಿಟ್ಟು ಬರುವ ಮಹರಾಯ ಹೆತ್ತ ತಾಯಿಯನ್ನು ಮಾತ್ರ ಬಿಡಲಾರ. ಅವನ ಹೆಂಡತಿ ಭವ್ಯ ಒಲೆ ಮುಂದೆ ನಿಂತೇ ಚುಚ್ಚಿದಳು. ಕೊಲಂಬೊಗೂ ಸುಮಾರು ಏಳುನೂರು ಕಿಲೋಮೀಟರ್, ತನ್ನ ತವರು ಬೀದರಿಗೂ ಅಷ್ಟೇ. ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ, ಬೀದರಿಗೆ ರಾತ್ರಿಯಿಡೀ ಬಸ್ಸು. ತನ್ನ ಬಾಣಂತನದಲ್ಲಿ ಮಗು ನೋಡಲು ಇವನು ವಾರವಾರ ಓಡಿಬರುತ್ತಿದ್ದಾಗ ಈ ದೂರ ಎಲ್ಲಿ ಹೋಗಿತ್ತು ಎಂದು ಕೇಳಿದಳು.

ಅವನು ಕಡೆಯ ಅಸ್ತ್ರ ತೆಗೆದ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ತವರಿನವರೇ ಗಂಟು ಹೊತ್ತು ಅಳಿಯನ ಮನೆಗೆ ಹೋದರೆ ಜನ ಏನಂದಾರು ಎಂದ. ಅಂಜಿನಮ್ಮನ ಪಿತ್ತ ನೆತ್ತಿಗೇರಿತು.

"ತವರು ಅಂದ್ರೆ ಈ ನಾಲ್ಕು ಗೋಡೆ ಅಂದ್ಕೊಂಡಿದೀಯೇನೋ? ತವರು ಅಂದ್ರೆ ನಾನು. ನಾನೆಲ್ಲಿರ್ತೀನೋ ಅಲ್ಲೇ ಅವಳ ತವರು. ಊರ ಮಕ್ಕಳಿಗೆಲ್ಲ ನೀರು ಹಾಕಿದ ಕೈ ನನ್ನ ಮಗಳ ಕೂಸಿಗೆ ಹಾಕ್ದೆ ಇರಲ್ಲ. ಬಿಟ್ಟು ಬರ್ತೀಯಾ, ಇಲ್ಲ ಬಸ್ ಹತ್ಲಾ?"

ಬಿಟ್ಟ. ತಾಯಿ ಒಳಗೆ ಹೋದ ಮೇಲೂ ಹೊರಗೇ ಕಾದಿದ್ದು, ವಿಮಾನ ಮೇಲೆದ್ದಿತೆಂದು ಫೋನಿನಲ್ಲಿ ನೋಡಿಕೊಂಡೇ ಗಾಡಿ ತಿರುಗಿಸಿದ. ಸಂಜೆ ಮಳೆ ಹಿಡಿದಿತ್ತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತ, ಕಲ್ಯಾಣ ನಗರದಲ್ಲಿ ನಿಂತ, ಟಿನ್ ಫ್ಯಾಕ್ಟರಿ ಸಿಗ್ನಲ್ಲಿಗೆ ಬಂದವನು ಅಲುಗಾಡದೆ ನಿಂತುಬಿಟ್ಟ. ಆಗ ಫೋನು ಬಂತು.

"ಬಂದ್ಬಿಟ್ಟೆ ಕಣೋ. ಯಮುನಾ ಪಕ್ಕದಲ್ಲೇ ಇದಾಳೆ. ನೀನು ಮನೆ ಸೇರಿದ್ಯಾ?"

ಇನ್ನೂ ಟಿನ್ ಫ್ಯಾಕ್ಟರಿಯಲ್ಲೇ ಇದ್ದೇನೆ ಎಂದ.

"ನೋಡು ಮತ್ತೆ. ಇಷ್ಟು ಹತ್ತಿರ ಇರೋ ತಂಗೀನ ಎರಡು ವರ್ಷ ದೂರ ಇಟ್ಟಿದ್ಯಲ್ಲೋ. ತಗೋ, ಮಾತಾಡು."

ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಪ್ರೇಮ್‌ಕುಮಾರ್ ಕಿಟಕಿಯ ಗಾಜು ಏರಿಸಿ, "ಯಮುನಾ" ಎಂದ.